ಮೇಷ್ಟ್ರು ಬಾಯಿ ಬಿಟ್ಟದ್ದು

ಹೇಸಿಗೆ ಅನ್ನುವುದು ಟೈಲರಮ್ಮನಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅವಳ ಅಂಗಡಿಗೆ ಯಾರಾದರೂ ಒಗೆಯದ ಪ್ಯಾಂಟು ತಂದು "ಸೊಂಟ ಸ್ವಲ್ಪ ಬಿಡಿಸಿಕೊಡಿ" ಅಂದರೆ ಮುಗಿಯಿತು. ಎರಡು ಬೆರಳ ತುದಿಯಲ್ಲಿ ಅದನ್ನು ಎತ್ತಿ ಹಿಡಿದು, "ಮೊದಲು ನೀವು ಸೋಪು ತೋರಿಸಿ, ಆಮೇಲೆ ನಾನು ಕತ್ತರಿ ತೋರಿಸ್ತೀನಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ವಾಪಸ್ ಕಳಿಸುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು ಆಕಳಿಸಿದರೂ ಇವಳಿಗೆ ಹೊಟ್ಟೆ ತೊಳಸುತ್ತಿತ್ತು. ಅಂಥವಳಿಗೆ ಗಂಟುಬಿದ್ದ ಗಂಡನೋ, ಕಂಡವರ ಮಕ್ಕಳ ಬಾಯಿಗೆ ಕೈ ಹಾಕುವ ಗಂಡ.

ಗಂಡ ಅಂದರೆ ಮೇಷ್ಟ್ರು. ಲೆಕ್ಕದ ಮೇಷ್ಟ್ರು ಅಂತ ನೇಮಕವಾಗಿದ್ದರೂ ಹೆಸರು ಬಂದದ್ದು ಪರೀಕ್ಷೆಯ ಕೋಣೆಯಲ್ಲಿ. ಕಾಪಿ ಹೊಡೆಯುವ ಹುಡುಗರನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಚೀಟಿ ಕಾಲರಿನ ಒಳಗಿರಲಿ, ಪೆನ್ನಿನ ಮುಚ್ಚಳದಲ್ಲಿರಲಿ, ಕಾಲುಚೀಲದಲ್ಲಿರಲಿ, ಅವರ ಕೈ ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ಸಿಕ್ಕಿಬಿದ್ದ ಹುಡುಗರು ಕೊನೆಯ ಉಪಾಯವೆಂದು ಚೀಟಿಯನ್ನು ಬಾಯಿಗೆ ಹಾಕಿ ಅಗಿಯಲು ಶುರು ಮಾಡುತ್ತಿದ್ದರು. ಬೇರೆ ಮೇಷ್ಟ್ರುಗಳು ಅಲ್ಲಿಗೆ ಕೈಚೆಲ್ಲುತ್ತಿದ್ದರು. ಇವರ ಕೆಲಸ ಶುರುವಾಗುತ್ತಿದ್ದದ್ದೇ ಅಲ್ಲಿಂದ. "ಬಾಯಿ ಬಿಡು!" ಎಂದು ಒಂದು ಗರ್ಜನೆ. ಬಿಡದಿದ್ದರೆ ದವಡೆಯ ಎರಡು ಕೀಲನ್ನು ಒತ್ತಿ ಹಿಡಿದು, ಬಾಯಿ ತಾನಾಗಿ ತೆರೆದುಕೊಂಡಾಗ, ಎರಡು ಬೆರಳು ಒಳಗೆ ಇಳಿಸಿ, ಜೊಲ್ಲಿನಲ್ಲಿ ನೆನೆದ ಮುದ್ದೆಯನ್ನು ಹೊರಗೆಳೆದು, ಕರವಸ್ತ್ರದ ಮೇಲೆ ಬಿಡಿಸಿ ಹರಡಿ ಓದಿಬಿಡುತ್ತಿದ್ದರು.

ಮಾಡಿದ್ದು ಸಾಲದು ಅಂತ ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತು ಅದನ್ನು ವರ್ಣಿಸಬೇಕು. ದವಡೆ ಹಿಡಿಯುವುದು ಹೇಗೆ ಅಂತ ಸ್ವಂತ ಮುಖದ ಮೇಲೆ ತೋರಿಸಬೇಕು. ಟೈಲರಮ್ಮ ತಟ್ಟೆ ಪಕ್ಕಕ್ಕೆ ತಳ್ಳಿ ಏಳುತ್ತಿದ್ದಳು. "ಆ ಕೈಲಿ ಊಟ ಮಾಡ್ತೀರಲ್ಲ, ಒಂಚೂರಾದ್ರೂ ಅಸಹ್ಯ ಆಗಲ್ವಾ?" ಅಂದರೆ ಮೇಷ್ಟ್ರು ನಗುತ್ತಿದ್ದರು. "ಕೈ ತೊಳೆದರೆ ಹೋಗತ್ತೆ ಕಣೇ. ಕಳ್ಳತನ ಹೋಗಲ್ಲ. ಒಂದು ಮಾತು ನೆನಪಿಟ್ಕೋ, ಗೊತ್ತಿರೋನು ಕಾಪಿ ಹೊಡೆಯಲ್ಲ. ಕಾಪಿ ಹೊಡೆಯೋನಿಗೆ ತಾನು ಫೇಲು ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಿರತ್ತೆ." ಆ ಕರವಸ್ತ್ರಗಳನ್ನು ಅವಳು ಕಡ್ಡಿಯ ತುದಿಯಲ್ಲಿ ಎತ್ತಿ ಬಿಸಿನೀರಿಗೆ ಹಾಕುತ್ತಿದ್ದಳು.

ಈಗ ಅದೇ ಮೇಷ್ಟ್ರು ಆಸ್ಪತ್ರೆಯ ಮಂಚದ ಮೇಲೆ ಎಡಗಾಲು ಚಾಚಿಕೊಂಡು ಮಲಗಿದ್ದಾರೆ. ಕಾಲಿನ ಕಿರುಬೆರಳು ಕಪ್ಪಾಗಿ ಒಣಗಿದೆ, ಅದರ ಪಕ್ಕದ್ದು ಒಣಗದೆ ಕೊಳೆಯುತ್ತಿದೆ. ಆ ವಾಸನೆಯನ್ನು ಟೈಲರಮ್ಮ ಯಾರಿಗೂ ವಿವರಿಸಲು ಹೋಗಲಿಲ್ಲ. ವಾರ್ಡಿನ ಫಿನಾಯಿಲು, ಮೂಲೆಯ ಬಕೆಟ್ಟಿನಲ್ಲಿ ತುಂಬಿದ ರಕ್ತದ ಹತ್ತಿ, ಪಕ್ಕದ ಮಂಚದ ಲಾರಿ ಡ್ರೈವರು ಮಂಚದಡಿ ಬಚ್ಚಿಟ್ಟಿದ್ದ ಹಳಸಿದ ಬ್ರೆಡ್ಡು, ಇವೆಲ್ಲವನ್ನೂ ದಾಟಿ ಬಂದು ಮೂಗಿಗೆ ಕೂರುವ ವಾಸನೆ ಅದು. ಬ್ಯಾಂಡೇಜು ಬಿಚ್ಚುವಾಗ ಅವಳು ಕಿಟಕಿಯ ಕಡೆ ತಿರುಗಿ ಬಾಯಲ್ಲಿ ಉಸಿರಾಡುತ್ತಿದ್ದಳು. ಗಂಡನ ಮೇಲೆ ಕನಿಕರ ಬರಬೇಕು ಅಂತ ಗೊತ್ತಿತ್ತು. ಬರುತ್ತಿದ್ದದ್ದು ವಾಕರಿಕೆ.

ವಾಕರಿಕೆಗೆ ಕಾರಣ ಕಾಲೊಂದೇ ಆಗಿದ್ದರೆ ಸಹಿಸಬಹುದಿತ್ತು. ಕಾಲು ಕೊಳೆಯುತ್ತಿದ್ದರೂ ಮನುಷ್ಯನಿಗೆ ಕೈಯಲ್ಲಿ ಬಾಚಣಿಗೆ! ನೆತ್ತಿಯ ಮೇಲೆ ಉಳಿದಿದ್ದ ಎಳೆಗಳನ್ನು ಎಡಗಿವಿಯಿಂದ ಎತ್ತಿ ಬಲಗಿವಿಯವರೆಗೆ ಹಾಯಿಸಿ, ಅಂಗೈಯಿಂದ ಒತ್ತಿ ಕೂರಿಸಿ, ನರ್ಸು ಬರುವ ಹೊತ್ತಿಗೆ ಸಿದ್ಧವಾಗಿರುತ್ತಿದ್ದರು. ಹುಡುಗರು ಕ್ರಾಪು ಬಿಟ್ಟರೆ ಜುಟ್ಟು ಹಿಡಿದು ಜಗ್ಗುತ್ತಿದ್ದ ಮನುಷ್ಯ ಇವರೇ.

ಸೇರಿಸಿಕೊಂಡ ದಿನವೇ ರಕ್ತನಾಳದ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದ್ದರು. "ಮೇಷ್ಟ್ರೇ, ಕಾಲಿಗೆ ರಕ್ತ ಇಳಿಸೋ ನಾಳ ತೊಡೇಲೇ ಮುಚ್ಚಿಹೋಗಿದೆ. ಪಕ್ಕದಲ್ಲಿ ಇನ್ನೊಂದು ದಾರಿ ಮಾಡಬೇಕು. ದೊಡ್ಡ ಆಪರೇಷನ್ನು. ಆದ್ರೆ ಕಾಲಿನ ನಾಳ ಕಟ್ಟಿದವರಿಗೆ ಹೃದಯದ ನಾಳವೂ ಕಟ್ಟಿರೋದು ತುಂಬಾ ಸಾಮಾನ್ಯ. ನಿಮ್ಮಂಥವರಿಗೆ ಅದು ಗೊತ್ತೇ ಆಗಲ್ಲ. ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಕಾಲು ನೋಯತ್ತೆ, ಕೂತ್ಬಿಡ್ತೀರಿ. ಎದೆ ನೋಯೋ ತನಕ ನಡೆಯೋದೇ ಇಲ್ಲ."

"ಹಾಗಾದ್ರೆ ತಿಳಿಯೋದು ಹೇಗೆ?" ಅಂತ ಟೈಲರಮ್ಮ ಕೇಳಿದಳು.

"ರಕ್ತದಿಂದ. ಹೃದಯಕ್ಕೆ ಪೆಟ್ಟಾಗ್ತಿದ್ರೆ ಅದರ ಮಾಂಸದಿಂದ ಒಂದು ಪ್ರೋಟೀನು ರಕ್ತಕ್ಕೆ ಸೋರತ್ತೆ. ಅದನ್ನ ಅಳೀತೀವಿ. ಇಲ್ಲ ಅಂದ್ರೆ ಧೈರ್ಯವಾಗಿ ಕಾಲಿಗೆ ಕೈ ಹಾಕ್ತೀವಿ. ಇದ್ರೆ ಮೊದಲು ಹೃದಯ ನೋಡ್ಬೇಕು, ಕಾಲು ಆಮೇಲೆ. ಅಷ್ಟರಲ್ಲಿ ಬೆರಳುಗಳು ಹೋಗಬಹುದು, ಪಾದವೂ ಹೋಗಬಹುದು. ಮುಚ್ಚಿಡಲ್ಲ."

"ಹೃದಯ ಕೆಟ್ಟಿದ್ದೂ ಗೊತ್ತಾಗದೆ ಕಾಲಿಗೆ ಕೈ ಹಾಕಿದ್ರೆ?"

"ಮೇಜಿನ ಮೇಲಿಂದ ಏಳದೇ ಇರಬಹುದಮ್ಮ." ಡಾಕ್ಟರಮ್ಮ ಮೇಷ್ಟ್ರ ಕಡೆ ತಿರುಗಿ, "ನೀವು ಬೇರೆ ಯಾವ್ದಾದ್ರೂ ಮಾತ್ರೆ ತಗೋತೀರಾ?" ಅಂದರು.

"ಸಕ್ಕರೆದು, ಬಿ.ಪಿ.ದು. ಬೇರೆ ಯಾವ ಮಾತ್ರೆಯೂ ಇಲ್ಲ," ಅಂದರು ಮೇಷ್ಟ್ರು, ಬಲು ಗಂಭೀರವಾಗಿ. ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕು ಅಂತ ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟವರು.

ರಕ್ತ ತೆಗೆದರು. ಫಲಿತಾಂಶ ಬಂತು. ಹೃದಯದ ಪ್ರೋಟೀನು ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. "ಪಾಸು!" ಎಂದು ಲಾರಿ ಡ್ರೈವರು ಮಂಚದಿಂದಲೇ ಚಪ್ಪಾಳೆ ತಟ್ಟಿದ. ಮರುದಿನ ಬೆಳಿಗ್ಗೆ ಆಪರೇಷನ್ ಅಂತ ನಿಗದಿಯಾಯಿತು. ಟೈಲರಮ್ಮನ ಎದೆಯಿಂದ ಕಲ್ಲು ಇಳಿದಂತಾಯಿತು. ಒಂದು ಗಳಿಗೆ ಗಂಡನ ತಲೆ ಸವರೋಣ ಅನ್ನಿಸಿ, ಎಣ್ಣೆ ಹತ್ತುತ್ತದೆ ಅಂತ ಕೈ ಹಿಂದೆಗೆದಳು.

ಹಾಸಿಗೆಯ ಹೊದಿಕೆ ಬದಲಿಸೋಣ ಅಂತ ದಿಂಬಿನ ಚೀಲ ಕಳಚಿದಾಗ ಒಳಗಿಂದ ಒಂದು ಡಬ್ಬಿ ಉರುಳಿತು. ಮುಚ್ಚಳ ತೆಗೆದರೆ ಕಿತ್ತಳೆ ಬಣ್ಣದ ಮೆತ್ತನೆ ಮಿಠಾಯಿಗಳು, ಒಂದೊಂದೂ ಪುಟ್ಟ ಕರಡಿಮರಿಯ ಆಕಾರದ್ದು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಕ್ಕರೆ ಕಾಯಿಲೆಯ ಮನುಷ್ಯ, ಕಾಲು ಕೊಳೆತ ಮನುಷ್ಯ, ಮೊಮ್ಮಕ್ಕಳ ಪ್ರಾಯದವರು ತಿನ್ನುವ ಕರಡಿಮರಿಯನ್ನು ದಿಂಬಿನೊಳಗೆ ಇಟ್ಟುಕೊಂಡು ಚಪ್ಪರಿಸುತ್ತಿದ್ದಾರೆ!

"ಏನ್ರೀ ಇದು?"

ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದರು. "ಮೆಲ್ಲಗೆ ಮಾತಾಡೇ. ಮಿಠಾಯಿ ಅಲ್ಲ ಅದು. ಕೂದಲಿಗೆ."

"ಏನಕ್ಕೆ?"

"ಕೂದಲು ಬರೋಕೆ. ವಿಟಮಿನ್ನು. ಸಕ್ಕರೆ ಇಲ್ಲ ಅಂತ ಡಬ್ಬಿ ಮೇಲೇ ಬರ್ದಿದೆ. ಯಾರಿಗೂ ಹೇಳ್ಬೇಡ ಕಣೇ. ನನ್ನ ಶಿಷ್ಯಂದಿರು ಈ ಆಸ್ಪತ್ರೆ ತುಂಬಾ ಇದಾರೆ. ಮಾನ ಹೋಗತ್ತೆ."

ಹೋಗಲಿ ಪಾಪ ಅನ್ನುವ ಹೆಂಗಸಲ್ಲ ಟೈಲರಮ್ಮ. ಅವಳು ಗಂಡನ ಕಾಲನ್ನು ನೋಡಿದಳು, ತಲೆಯನ್ನು ನೋಡಿದಳು, ಮತ್ತೆ ಕಾಲನ್ನು ನೋಡಿದಳು. ಕೆಳಗಡೆ ಕೊಳೆಯುತ್ತಿರುವುದು ಬಿಟ್ಟು ಮೇಲ್ಗಡೆ ಬೆಳೆಸಲು ಹೊರಟಿದ್ದಾನಲ್ಲ ಈ ಗಂಡಸು ಅಂತ ಅವಳಿಗೆ ಹುಟ್ಟಿದ ಹೇಸಿಗೆ ಅಷ್ಟಿಷ್ಟಲ್ಲ. ಕೀವು ಹತ್ತಿದ ಬಟ್ಟೆ ಒಗೆಯುವುದು ನಾನು, ಉಚ್ಚೆ ಬಟ್ಟಲು ಎತ್ತುವುದು ನಾನು, ಇವರಿಗೆ ಕರಡಿಮರಿ! ಬೈಸಬೇಕು, ಇವತ್ತು ಇವರಿಗೆ ನಾಲ್ಕು ಜನರೆದುರು ಬೈಸಲೇಬೇಕು ಅಂತ ತೀರ್ಮಾನಿಸಿದಳು. ಹೃದಯ, ರಕ್ತ, ಪರೀಕ್ಷೆ ಯಾವುದೂ ಅವಳ ತಲೆಯಲ್ಲಿರಲಿಲ್ಲ.

ಸಂಜೆ ಡಾಕ್ಟರಮ್ಮ ಬಂದದ್ದೇ ತಡ, ಇಡೀ ವಾರ್ಡಿಗೆ ಕೇಳುವ ಹಾಗೆ ಶುರುಮಾಡಿದಳು. "ನೋಡಿ ಡಾಕ್ಟ್ರೇ, ನಿಮ್ಮ ಪೇಷಂಟು ಮಾಡ್ತಿರೋ ಘನಕಾರ್ಯ! ಕಾಲು ಕೊಳೀತಿದೆ, ಇವರಿಗೆ ತಲೆ ಮೇಲೆ ಫಸಲು ಬೇಕಂತೆ. ಕೂದಲಿಗೆ ಮಿಠಾಯಿ ತಿಂತಿದಾರೆ, ಕದ್ದುಮುಚ್ಚಿ!"

ಲಾರಿ ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. ನರ್ಸು ಮುಖ ತಿರುಗಿಸಿ ನಕ್ಕಳು. ಮೇಷ್ಟ್ರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಸಣ್ಣಕ್ಷರಗಳನ್ನು ಓದಿದರು. ಓದುತ್ತಾ ಓದುತ್ತಾ ಅವರ ಮುಖದ ಬಣ್ಣ ಇಳಿಯಿತು.

"ದಿನಕ್ಕೆ ಎಷ್ಟು ತಿಂತೀರಿ ಮೇಷ್ಟ್ರೇ?"

"ಎರಡು ಅಂತ ಬರ್ದಿದೆ," ಅಂದರು ಮೇಷ್ಟ್ರು. ಡಾಕ್ಟರಮ್ಮ ನೋಡುತ್ತಲೇ ಇದ್ದದ್ದರಿಂದ, "ಬೇಗ ಬರಲಿ ಅಂತ... ಒಂದು ಹಿಡಿ," ಅಂದರು.

"ಅವತ್ತು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ನೀವು ಮಾತ್ರೆ ಕೇಳಿದ್ರಿ. ಇದು ಮಾತ್ರೆ ಅಲ್ಲ."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. "ಇದರಲ್ಲಿರೋ ವಿಟಮಿನ್ನು ಹೀಗೆ ಹಿಡಿಗಟ್ಟಲೆ ರಕ್ತದಲ್ಲಿ ತುಂಬಿದ್ರೆ ರಕ್ತ ಅಳೆಯೋ ಕೆಲವು ಯಂತ್ರಗಳು ಮೋಸ ಹೋಗತ್ವೆ. ನಮ್ಮ ಯಂತ್ರ ಆ ಜಾತಿದು. ಹೃದಯದ ಪ್ರೋಟೀನು ರಕ್ತದಲ್ಲಿ ತುಂಬಿ ತುಳುಕ್ತಿದ್ರೂ ಅದು ಇಲ್ಲ ಅನ್ನಬಹುದು. ನಾಳೆ ಆಪರೇಷನ್ ಇಲ್ಲ. ಕೆಲವು ದಿನ ಇದನ್ನ ಮುಟ್ಟಬಾರದು. ಇದೆಲ್ಲ ಇಳಿದ ಮೇಲೆ ಮತ್ತೆ ಪರೀಕ್ಷೆ."

"ಬೇರೆ ದಾರಿ ಇಲ್ವಾ?" ಅಂದಳು ಟೈಲರಮ್ಮ.

"ಹೃದಯದ ನಾಳಕ್ಕೇ ಬಣ್ಣ ಬಿಟ್ಟು ಎಕ್ಸ್‌ರೇಲಿ ನೋಡಬಹುದು. ಆದ್ರೆ ಇವರ ಕಿಡ್ನಿ ಸೋತಿದೆ, ಆ ಬಣ್ಣ ತಡ್ಕೊಳ್ಳಲ್ಲ. ಗಟ್ಟಿ ಕಾರಣ ಸಿಗದೆ ಅದಕ್ಕೆ ಕೈ ಹಾಕಲ್ಲ." ಅಷ್ಟು ಹೇಳಿ ಡಾಕ್ಟರಮ್ಮ ಅವಳ ಭುಜ ತಟ್ಟಿದರು. "ನೀವು ಹೇಳಿದ್ದು ಒಳ್ಳೇದಾಯ್ತು."

ಒಳ್ಳೆಯದಾಗಲಿ ಅಂತ ಅವಳು ಹೇಳಿದ್ದಲ್ಲ. ಆದರೂ ತಲೆಯಾಡಿಸಿದಳು. ಡಾಕ್ಟರಮ್ಮನನ್ನು ಬಾಗಿಲವರೆಗೆ ಕಳಿಸಿ ಬಂದು, ಮಂಚದ ಮೇಲೇ ಬಿದ್ದಿದ್ದ ಡಬ್ಬಿಯನ್ನು ವಾರ್ಡಿನ ಆಚೆಯ ಕಸದ ತೊಟ್ಟಿಗೆ ಎಸೆದು ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು ಬಂದಳು.

ಆಮೇಲಿನ ದಿನಗಳಲ್ಲಿ ಮೇಷ್ಟ್ರು ಅವಳ ಜೊತೆ ಮಾತು ಬಿಟ್ಟರು. ಮೂರನೆಯ ಬೆರಳಿಗೂ ಕಪ್ಪು ಏರಿತು. ಲಾರಿ ಡ್ರೈವರು ಅವರನ್ನು "ಕೂದಲಪ್ಪಾ" ಎಂದು ಕರೆಯತೊಡಗಿದ. ಯಾರಿಗೂ ಅವರು ಮರುಮಾತಾಡಲಿಲ್ಲ. ಕೊಟ್ಟದ್ದು ತಿಂದರು, ಹೇಳಿದ ಕಡೆ ಮಗ್ಗುಲಾದರು. ಒಳ್ಳೆಯ ಕಾಲಿಗೆ ಚಳಿಯಾಗುತ್ತದೆ ಅಂತ ನರ್ಸಿಗೆ ಹೇಳಿ ಕಾಲುಚೀಲ ತರಿಸಿ ತಾವೇ ಹಾಕಿಕೊಂಡು, ಅದನ್ನು ಮಾತ್ರ ಬಿಚ್ಚಲು ಬಿಡಲಿಲ್ಲ. ಬಾಚಣಿಗೆಯನ್ನೂ ಕೇಳಲಿಲ್ಲ. ಕ್ಲಾಸು ತೀರಾ ಸದ್ದಿಲ್ಲದೆ ಕೂತಿದ್ದರೆ ಒಳಗೆ ಏನೋ ನಡೆಯುತ್ತಿದೆ ಅಂತ ತಿಳಿಯಬೇಕು ಎಂದು ಹಿಂದೆ ಅವರೇ ಹೇಳುತ್ತಿದ್ದರು. ಟೈಲರಮ್ಮನಿಗೆ ಆ ಮಾತು ಆಗ ನೆನಪಾಗಬೇಕಿತ್ತು, ಆಗಲಿಲ್ಲ.

ಒಂದು ದಿನ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದವರು ಮಂಚದ ಕಂಬಿಗೆ ಒರಗಿ ನಿಂತುಬಿಟ್ಟರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಒಂದು ಕೈ ದವಡೆಯ ಕೆಳಗಿತ್ತು. "ಏನಾಯ್ತು?" ಅಂದರೆ, "ಗ್ಯಾಸು," ಅಂದರು. ಅಷ್ಟು ದಿನದಲ್ಲಿ ಅವರು ಅವಳಿಗೆ ಆಡಿದ ಮಾತು ಅದೊಂದೇ. ಆ ಬೆವರು ಬಿಸಿಲಿನ ಬೆವರಿನಂತೆ ಇರಲಿಲ್ಲ, ತಣ್ಣಗೆ ಜಿಗುಟಾಗಿತ್ತು. ಒರೆಸುವಾಗ ಅವಳು ಎಂದಿನಂತೆ ಮುಖ ಸಿಂಡರಿಸಿದಳು.

ಪರೀಕ್ಷೆಯ ಬೆಳಿಗ್ಗೆ ರಕ್ತ ತೆಗೆಯುವವನು ಟ್ರೇ ಹಿಡಿದು ಬಂದ. ಹಿಂದೆಯೇ ಡಾಕ್ಟರಮ್ಮನೂ ಬಂದರು. ಮೇಷ್ಟ್ರು ಆಗಲೇ ಅಂಗಿಯ ತೋಳು ಮಡಿಚಿ ಸಿದ್ಧವಾಗಿ ಕೂತಿದ್ದರು. ಅವನು ರಬ್ಬರು ಪಟ್ಟಿ ಬಿಗಿದ. ಟೈಲರಮ್ಮ ಎಂದಿನಂತೆ ಸೂಜಿಯ ಕಡೆ ನೋಡಬಾರದು ಅಂತ ಗಂಡನ ಮುಖದ ಕಡೆ ಬಗ್ಗಿದಳು.

ಕಿತ್ತಳೆ!

ಫಿನಾಯಿಲಿನ ನಡುವೆ, ಸ್ಪಿರಿಟ್ಟಿನ ನಡುವೆ, ಕೊಳೆಯುತ್ತಿದ್ದ ಕಾಲಿನ ನಡುವೆ, ತೆಳ್ಳಗೆ ಸಿಹಿಯಾದ ಕಿತ್ತಳೆಯ ವಾಸನೆ. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸೂಜಿ ಹಿಡಿದವನ ಕೈಯನ್ನು ತಡೆದಳು.

"ರೀ, ಬಾಯಲ್ಲಿ ಏನಿದೆ?"

ಮೇಷ್ಟ್ರು ತಲೆಯಾಡಿಸಿದರು, ಏನೂ ಇಲ್ಲ ಅಂತ. ತುಟಿ ಬಿಗಿಯಾಗಿತ್ತು. ದವಡೆ ಅಲುಗಾಡದೆ ನಿಂತಿತ್ತು. ಅಗಿಯುತ್ತಿದ್ದವನು ಸಿಕ್ಕಿಬಿದ್ದಾಗ ದವಡೆ ಹಾಗೆಯೇ ನಿಲ್ಲುತ್ತದೆ ಅಂತ ಎಷ್ಟು ಊಟ ಕೆಡಿಸಿ ಅವರೇ ಹೇಳಿದ್ದರು! ಕಾಲರು, ಪೆನ್ನಿನ ಮುಚ್ಚಳ, ಕಾಲುಚೀಲ. ಅವಳು ಹೊದಿಕೆ ಸರಿಸಿ ಒಳ್ಳೆಯ ಕಾಲಿನ ಕಾಲುಚೀಲವನ್ನು ಕಿತ್ತೆಳೆದಳು. ಪಾದದ ಬೆವರಿಗೆ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಮೈತುಂಬ ನೂಲಿನ ಎಳೆ ಮೆತ್ತಿಕೊಂಡ ಕರಡಿಮರಿಗಳ ಒಂದು ಗೊಂಚಲು ಹಾಸಿಗೆಯ ಮೇಲೆ ಬಿತ್ತು. ಡಬ್ಬಿ ಎಸೆಯುವ ಮುಂಚೆಯೇ ಹಿಡಿಯಷ್ಟು ತೆಗೆದಿಟ್ಟಿದ್ದಾರೆ! ಕಾಲುಚೀಲದೊಳಗಿನದನ್ನು ಬಾಯಿಗೆ ಹಾಕಿಕೊಂಡಿದ್ದಾರೆ!

"ಥೂ!" ಅಂದಳು. ಆಮೇಲೆ, "ಬಾಯಿ ಬಿಡ್ರಿ," ಅಂದಳು.

ಮೇಷ್ಟ್ರು ಬಿಡಲಿಲ್ಲ. ಕಣ್ಣು ಮಾತ್ರ ಅಗಲವಾಯಿತು. ನುಂಗಲು ಗಂಟಲು ಮೇಲೆ ಕೆಳಗೆ ಆಡಿತು. ಅವಳು ಮತ್ತೆ ಕೇಳಲಿಲ್ಲ. ಹೆಬ್ಬೆರಳು ಒಂದು ಕಡೆ, ನಡುಬೆರಳು ಇನ್ನೊಂದು ಕಡೆ, ದವಡೆಯ ಕೀಲು ಹುಡುಕಿ ಒತ್ತಿದಳು. ಬಾಯಿ ತಾನಾಗಿ ತೆರೆದುಕೊಂಡಿತು. ಇನ್ನೊಂದು ಕೈಯ ಎರಡು ಬೆರಳನ್ನು ಒಳಗೆ ಇಳಿಸಿದಳು. ಬೆಚ್ಚನೆಯ, ಅಂಟಂಟಾದ, ಜೊಲ್ಲು ತುಂಬಿದ ಬಾಯಿ. ಬೀಡಿಯಿಂದ ಕಂದಿದ ಹಲ್ಲುಗಳ ಹಿಂದೆ, ನಾಲಿಗೆಯ ಕೆಳಗೆ ಅದು ಸಿಕ್ಕಿತು. ಹೊರಗೆಳೆದು ಅಂಗೈ ಮೇಲೆ ಇಟ್ಟು ಡಾಕ್ಟರಮ್ಮನಿಗೆ ತೋರಿಸಿದಳು. ತಲೆ ಇಲ್ಲದ ಒಂದು ಕರಡಿಮರಿ.

ಲಾರಿ ಡ್ರೈವರು ಸಹ ನಗಲಿಲ್ಲ.

"ಯಾಕ್ರೀ?" ಅಂದಳು ಟೈಲರಮ್ಮ. "ಕೂದಲು ಅಷ್ಟೊಂದು ಬೇಕಾಗಿತ್ತಾ?"

"ಕೂದಲಿಗಲ್ಲ," ಅಂದರು ಮೇಷ್ಟ್ರು, ತಲೆ ತಗ್ಗಿಸಿ. "ಇದು ತಿಂದ್ರೆ ಪಾಸ್ ಆಗತ್ತೆ ಅಂತ ಅವರೇ ಹೇಳಿದ್ರಲ್ಲ. ಪಾಸ್ ಆಗ್ಬೇಕಿತ್ತು ಕಣೇ. ಕಾಲು ಉಳೀತಿತ್ತು."

"ರಕ್ತ ಹೇಗಿದ್ರೂ ಚೆನ್ನಾಗೇ ಇರಬಹುದಿತ್ತಲ್ಲ ಮೇಷ್ಟ್ರೇ. ಸುಮ್ನೆ ಮತ್ತೆ ಕಾಯೋ ಹಾಗೆ ಮಾಡಿದ್ರಿ," ಎಂದು ಡಾಕ್ಟರಮ್ಮ ಬೇಸರದಿಂದ ಹೊರಡಲು ತಿರುಗಿದರು.

ಟೈಲರಮ್ಮ ಮಾತ್ರ ಅಂಗೈ ಮೇಲಿನದನ್ನೇ ನೋಡುತ್ತಾ ನಿಂತಿದ್ದಳು. ಊಟದ ಮೇಜಿನ ಮುಂದೆ ಕೇಳಿ ಕೇಳಿ ಕಿವಿ ತೂತಾಗಿದ್ದ ಮಾತು ಈಗ ಬಂದು ಎದೆಗೆ ನಾಟಿತು.

"ನಿಲ್ಲಿ ಡಾಕ್ಟ್ರೇ," ಅಂದಳು. ಗಂಡನ ಮುಖವನ್ನು ಎತ್ತಿ ಹಿಡಿದಳು. "ಗೊತ್ತಿರೋನು ಕಾಪಿ ಹೊಡೆಯಲ್ಲ ಅಂತಿದ್ರಲ್ಲ. ಕಾಪಿ ಹೊಡೆಯೋನಿಗೆ ತಾನು ಫೇಲು ಅನ್ನೋದು ಮೊದಲೇ ಗೊತ್ತಿರತ್ತೆ ಅಂತಿದ್ರಲ್ಲ. ನಿಮಗೇನು ಗೊತ್ತಿದೆ? ಅವತ್ತು ಬಚ್ಚಲಿಂದ ಬಂದಾಗ ಗ್ಯಾಸು ಅಂದ್ರಲ್ಲ, ಅದೇನು? ಬಾಯಿ ಬಿಡ್ರಿ."

ಈ ಸಲ ದವಡೆ ಒತ್ತಬೇಕಾಗಲಿಲ್ಲ. ಮೇಷ್ಟ್ರು ಕೈ ಎತ್ತಿ ಎದೆಯ ನಡುವೆ ಇಟ್ಟರು, ಅಲ್ಲಿಂದ ದವಡೆಯವರೆಗೆ ಎಳೆದು ತೋರಿಸಿದರು.

"ಆಸ್ಪತ್ರೆಗೆ ಬರೋ ಮುಂಚಿಂದ," ಅಂದರು. "ಮೊದಲು ಮೆಟ್ಟಿಲು ಹತ್ತುವಾಗ. ಆಮೇಲೆ ಬಟ್ಟೆ ಹಾಕ್ಕೊಳ್ಳುವಾಗ. ಈಗ ಸುಮ್ನೆ ಮಲಗಿದ್ರೂ ಬರತ್ತೆ. ನಿನ್ನೆ ತುಂಬಾ ಹೊತ್ತು ಇತ್ತು." ಆಮೇಲೆ ಸಿಕ್ಕಿಬಿದ್ದ ಎಲ್ಲ ಹುಡುಗರೂ ಹೇಳುತ್ತಿದ್ದದ್ದನ್ನೇ ಹೇಳಿದರು. "ತಪ್ಪಾಯ್ತು."

ಡಾಕ್ಟರಮ್ಮ ರಕ್ತ ತೆಗೆಯುವವನ ಕಡೆ ಕೈ ಮಾಡಿದರು. "ಪಟ್ಟಿ ಬಿಚ್ಚಪ್ಪ. ರಕ್ತ ಕಾಯ್ತಾ ಕೂರೋದು ಬೇಡ, ಗಟ್ಟಿ ಕಾರಣ ಸಿಕ್ತು." ಹೃದಯದ ವಿಭಾಗಕ್ಕೆ ಫೋನು ಮಾಡುತ್ತಲೇ ನರ್ಸಿಗೆ ಗಾಲಿಮಂಚ ತರಲು ಹೇಳಿದರು. ಈ ಮನುಷ್ಯನನ್ನು ಕಾಲಿನ ಆಪರೇಷನ್ನಿಗೆ ಮಲಗಿಸಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಅವರು ಬಾಯಲ್ಲಿ ಹೇಳಲಿಲ್ಲ. ಪಾದ ಉಳಿಯುತ್ತದೆ ಅಂತಲೂ ಹೇಳಲಿಲ್ಲ.

ಟೈಲರಮ್ಮ ಅಂಗೈಯನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು. ಜೊಲ್ಲು ಮಣಿಕಟ್ಟಿನವರೆಗೆ ಇಳಿದಿತ್ತು. ಮೇಷ್ಟ್ರು ದಿಂಬಿನ ಕೆಳಗೆ ಕೈ ಹಾಕಿ ತಡಕಾಡಿ, ಮಡಿಸಿಟ್ಟ ಕರವಸ್ತ್ರವೊಂದನ್ನು ತೆಗೆದು ಅವಳ ಕಡೆ ನೀಡಿದರು.

"ತಗೋ," ಅಂದರು. "ಇದು ಬೇಕಾಗತ್ತೆ."

ಅವಳು ತೆಗೆದುಕೊಂಡಳು. ಮೊದಲು ಅವರ ಬಾಯಿ ಒರೆಸಿದಳು, ಆಮೇಲೆ ತನ್ನ ಕೈ. "ಗಲೀಜು ಮನುಷ್ಯ," ಅಂತ ಗೊಣಗಿದಳು. ಗಾಲಿಮಂಚ ಬಂದಾಗ ಆ ಒದ್ದೆ ಕರವಸ್ತ್ರವನ್ನು ಎಸೆಯದೆ, ಒಗೆಯುವ ಬಟ್ಟೆಗಳ ಚೀಲಕ್ಕೆ ಬರಿಗೈಯಲ್ಲೇ ಹಾಕಿಕೊಂಡು ಹಿಂದೆಯೇ ನಡೆದಳು.